ನಿಂತಾಗ ಹೀಟ್, ಓಡಿದಾಗ ತಣ್ಣಗ: ಪಿಕಪ್ಪಿನ ಫ್ಯಾನ್ ಕ್ಲಚ್ ಹೋಗೇತೇನು?

ಪ್ರಶ್ನೆ (ಇಂಡಿ)
ನಮಸ್ಕಾರ್ರಿ. ಡೀಸೆಲ್ ಪಿಕಪ್, 1,40,000 ಕಿ.ಮೀ. ಓಡ್ಯದ. ಲಿಂಬಿಹಣ್ಣಿನ ಲೋಡ್ ಹಾಕ್ಕೊಂಡು ಝಳಕಿ ದಾಟಿ ಹೈವೇದಾಗ 60–70ರ ಸ್ಪೀಡಿನ್ಯಾಗ ಹೊಂಟ್ರ ಟೆಂಪರೇಚರ್ ಮುಳ್ಳು ಅರ್ಧಕ್ಕ ನಿಂತಿರ್ತದ. ವಿಜಯಪುರದಾಗ ಎಪಿಎಂಸಿ ಮುಂದ ಪಾಳಿ ಹಚ್ಚಿ ಹತ್ತು ನಿಮಿಷ ನಿಂತ್ರ ಮುಕ್ಕಾಲು ದಾಟ್ತದ, ಎ.ಸಿ.ಯಿಂದ ಬಿಸಿ ಗಾಳಿ ಬರ್ತದ. ಮತ್ತ ಓಡಿಸಿದ್ರ ಇಳೀತದ. ಕೂಲಂಟ್ (ಇಂಜಿನ್ ತಣ್ಣಗ ಇಡೋ ನೀರು) ಕಡಿಮಿ ಆಗಿಲ್ಲ, ಎಲ್ಲೂ ಸೋರಿಲ್ಲ. ಥರ್ಮೋಸ್ಟಾಟ್ (ಕೂಲಂಟಿನ ವಾಲ್ವ್) ಹೊಸದು ಹಾಕ್ಸೀನಿ, ಫರಕ್ ಬಿದ್ದಿಲ್ಲ. ಈಗ ಮೆಕ್ಯಾನಿಕ್ರು ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್) ಬಿಚ್ಚಬೇಕು ಅಂತಾರ. ಬಿಚ್ಚಿಸಬೇಕೇನ್ರಿ?

ಉತ್ತರ (ಬಾಗಲಕೋಟೆ)
ಹೆಡ್ಡಿಗೆ ಈಗ ಕೈ ಹಚ್ಚಸಬ್ಯಾಡ್ರಿ. ಗಾಡಿ ಓಡುವಾಗ ರೇಡಿಯೇಟರಿಗೆ ಎದುರಿನ ಗಾಳಿ ಸಿಗತೈತಿ, ಫ್ಯಾನಿನ ಕೆಲಸ ಅಷ್ಟಕ್ಕಷ್ಟ. ನಿಂತಾಗ ಎಲ್ಲಾ ಭಾರ ಫ್ಯಾನಿನ ಮ್ಯಾಲ. ಅದಕ್ಕ ನಿಂತಾಗ ಹೀಟ್, ಓಡಿದ್ರ ತಣ್ಣಗ ಅಂದ್ರ ಕೊರತೆ ಇರೋದು ಗಾಳಿದು, ನೀರಿಂದಲ್ಲ. ಹೈವೇದಾಗ ಓಡುವಾಗನ ಹೀಟ್ ಆಗಿದ್ರ ರೇಡಿಯೇಟರ್ ಒಳಗ ಕಟ್ಟೇತೇನು, ಕೂಲಂಟ್ ನೂಕೋ ವಾಟರ್ ಪಂಪ್ ಹೋಗೇತೇನು ಅಂತ ಹುಡುಕಬೇಕಿತ್ತು. ಗ್ಯಾಸ್ಕೆಟ್ ಹೋಗಿದ್ರ ಕೂಲಂಟ್ ತಾನ ಕಡಿಮಿ ಆಗತೈತಿ, ರೇಡಿಯೇಟರಿನ್ಯಾಗ ಗುಳ್ಳಿ ನಿಲ್ಲಂಗಿಲ್ಲ, ತಣ್ಣನ ಗಾಡಿ ಚಾಲೂ ಮಾಡಿದ ಎರಡ ನಿಮಿಷಕ್ಕ ಮ್ಯಾಲಿನ ಹೋಸ್ ಪೈಪ್ ಕಲ್ಲಿನಂಗ ಬಿಗೀತೈತಿ. ನೀವು ಹೇಳಿದ್ರಾಗ ಇವು ಯಾವೂ ಇಲ್ಲ. ರೇಡಿಯೇಟರಿನ ಮುಂದಿರೋ ಎ.ಸಿ. ಕಂಡೆನ್ಸರಿಗೂ (ಎ.ಸಿ.ಯ ಬಿಸಿ ಹೊರಗ ಬಿಡೋ ಜಾಲಿ) ಅದೇ ಫ್ಯಾನ್ ಗಾಳಿ ಎಳೀಬೇಕು, ಅದಕ್ಕ ನಿಂತಾಗ ಎ.ಸಿ.ನೂ ಕೈಕೊಡತೈತಿ.

ನಿಮ್ಮ ಫ್ಯಾನ್ ವಾಟರ್ ಪಂಪಿನ ಪುಲ್ಲಿ ಮ್ಯಾಲ ಕುಂತಿದ್ದು, ನಡುವ ಅಲ್ಯೂಮಿನಿಯಂ ಡಬ್ಬಿಯಂಥಾ ಕ್ಲಚ್ ಇರತೈತಿ. ಅದರ ಮುಖದ ಮ್ಯಾಲ ಗಡಿಯಾರದ ಸ್ಪ್ರಿಂಗಿನಂಗ ಸುತ್ತಿದ ಪಟ್ಟಿ ಕಾಣತೈತಿ, ಎರಡು ಲೋಹ ಅಂಟಿಸಿ ಮಾಡಿದ್ದು. ರೇಡಿಯೇಟರಿನಿಂದ ಬರೋ ಗಾಳಿ ಸುಮಾರು 65–75 ಡಿಗ್ರಿ ಆದ್ರ ಆ ಪಟ್ಟಿ ತಿರುಗಿ ಒಳಗಿನ ವಾಲ್ವ್ ತೆರೀತೈತಿ. ಸಿಲಿಕಾನ್ ಎಣ್ಣಿ ಕ್ಲಚ್ಚಿನೊಳಗಿನ ತೋಡುಗಳೊಳಗ ಹರದು, ಪುಲ್ಲಿ ಜೋಡಿ ಫ್ಯಾನನ್ನೂ ಎಳಕೊಂಡು ತಿರುಗಸತೈತಿ. ತಣ್ಣಗಾದ್ರ ಎಣ್ಣಿ ವಾಪಸ್ ತನ್ನ ಕೋಣಿಗೆ ಹೋಗಿ ಫ್ಯಾನ್ ಸಡಿಲ. ಎಣ್ಣಿ ಸೋರಿ ಹೋದ್ರ ಎಷ್ಟ ಬಿಸಿ ಆದ್ರೂ ಕ್ಲಚ್ ಹಿಡಿಯಂಗಿಲ್ಲ.

ಇವನ್ನ ಮಾಡಿ ನೋಡ್ರಿ, ಖರ್ಚಿಲ್ಲ.

ಗಾಡಿ ಚಲೋತ್ನಂಗ ಬಿಸಿ ಆದ ಮ್ಯಾಲ ಬಂದ್ ಮಾಡಿ, ಕೀಲಿ ತಗದು ಕಿಸೆದಾಗ ಇಟ್ಕೊಂಡು, ಫ್ಯಾನ್ ಕೈಲೆ ತಿರುವ್ರಿ. ಒಳ್ಳೆ ಕ್ಲಚ್ ಇದ್ರ ಜೇನುತುಪ್ಪದಾಗ ಚಮಚ ಆಡಿಸಿದಂಗ ಹಿಡಕೊಂಡು, ಒಂದು ಸುತ್ತಿನೊಳಗ ನಿಲ್ಲತೈತಿ. ಒಮ್ಮೆ ನೂಕಿದ್ದಕ್ಕ ಮೂರು ಸುತ್ತಿಗಿಂತ ಹೆಚ್ಚು ಸಲೀಸ್ ತಿರುಗಿದ್ರ ಎಣ್ಣಿ ಹೋಗೇತಿ. ಹಂದಾಡಲೇ ಇಲ್ಲ ಅಂದ್ರ ಜಾಮ್ ಆಗೇತಿ, ಅದರ ಲಕ್ಷಣ ಬ್ಯಾರೆ: ಹೀಟ್ ಆಗಂಗಿಲ್ಲ, ಆದ್ರ ಯಾವಾಗ್ಲೂ ಗುಂಯ್ ಅಂತ ಸಪ್ಪಳ, ಎಳೆತ ಕಡಿಮಿ, ಎವರೇಜ್ ಇಳೀತೈತಿ.

ಎರಡನೇದು, ಬ್ಲೇಡಿನ ತುದಿ ಹಿಡಿದು ಹಿಂದ ಮುಂದ ಅಲುಗಾಡಸ್ರಿ. ತುದಿಯೊಳಗ 6 ಮಿ.ಮೀ.ಗಿಂತ ಹೆಚ್ಚು ಆಟ ಇದ್ರ ಕ್ಲಚ್ಚಿನ ಬೇರಿಂಗ್ ಇಲ್ಲಾ ವಾಟರ್ ಪಂಪಿನ ಬೇರಿಂಗ್ ಹೋಗಿರತೈತಿ. ಮೂರನೇದು, ಸ್ಪ್ರಿಂಗಿನ ಸುತ್ತ ಬೆರಳು ಆಡಸ್ರಿ. ಧೂಳಿನ ತೆಳು ಎಣ್ಣಿ ಪದರ ಇದ್ರ ಹೆದರಬ್ಯಾಡ್ರಿ. ನಡುವಿನಿಂದ ಹೊರಗ ಗಾಲಿಯ ಅರದಂಗ ಚಿಮ್ಮಿದ, ಮಣ್ಣು ಕೂಡಿ ಕರ್ರಗಾದ ಜಿಗಟು ಗೆರಿ ಇದ್ರ ಸೋರ್ಯದ್ದು ಖಾತ್ರಿ.

ಇಂಜಿನ್ ಚಾಲೂ ಇದ್ದಾಗ ಸುತ್ತಿದ ಪೇಪರ್ ಹಾಕಿ ಫ್ಯಾನ್ ನಿಲ್ಲಸತಾರ ಕೆಲವರು. ಅದನ್ನ ಯಾವ ಕಾರಣಕ್ಕೂ ಮಾಡಬ್ಯಾಡ್ರಿ. ಬ್ಲೇಡ್ ಮುರಿದ್ರ ನೇರ ಮುಖಕ್ಕ ಬರತೈತಿ.

ಪ್ರಶ್ನೆ ಕೇಳಿದವರು (ಇಂಡಿ)
ನೋಡಿದೆ ರೀ. ಬಿಸಿ ಇದ್ದಾಗ ನೂಕಿದ್ರ ಐದು ಸುತ್ತು ತಿರಗ್ತು. ಸ್ಪ್ರಿಂಗ್ ಸುತ್ತ ನೀವು ಹೇಳಿದಂಥದ್ದೇ ಕರಿ ಗೆರಿ ಅವ. ತುದಿಯೊಳಗ ಆಟ ಇಲ್ಲ. ಇದರಾಗ ಎಣ್ಣಿ ತುಂಬಸ್ಲಿಕ್ಕೆ ಬರ್ತದೇನ್ರಿ?

ಉತ್ತರ (ಗೋಕಾಕ)
ಎಣ್ಣಿ ಯಾಕ್ರಿ, ಕ್ಲಚ್ಚಿಗೆ ಎರಡು ಬೋಲ್ಟ್ ಹೊಡೆದು ಫ್ಯಾನ್ ಡೈರೆಕ್ಟ್ ಮಾಡಸ್ರಿ. ಲೋಡ್ ಗಾಡಿಗೆ ಎಷ್ಟೋ ಮಂದಿ ಹಂಗ ಮಾಡಸ್ಯಾರ, ಹೀಟ್ ಪ್ರಶ್ನೆನ ಇರಂಗಿಲ್ಲ.

ಉತ್ತರ (ಬಾಗಲಕೋಟೆ)
ಹೀಟ್ ಇರಂಗಿಲ್ಲ ಖರೆ ರೀ, ಬ್ಯಾರೆ ಕಡೆ ರೊಕ್ಕ ಹೋಗತೈತಿ. ಫ್ಯಾನ್ ತಿನ್ನೋ ಶಕ್ತಿ ವೇಗದ ಘನದ ಲೆಕ್ಕದಾಗ ಏರತೈತಿ: ವೇಗ ಎರಡು ಪಟ್ಟಾದ್ರ ಶಕ್ತಿ ಎಂಟು ಪಟ್ಟು. ಸರಿ ಇದ್ದ ಕ್ಲಚ್ ತಣ್ಣಗಿದ್ದಾಗ ಫ್ಯಾನನ್ನ ಪುಲ್ಲಿಯ ವೇಗದ 20–30 ಪ್ರತಿಶತಕ್ಕ ಬಿಟ್ಟಿರತೈತಿ, ಬಿಸಿ ಆದಾಗೂ ಪೂರಾ ವೇಗ ಕೊಡಂಗಿಲ್ಲ. ಡೈರೆಕ್ಟ್ ಮಾಡಿದ್ರ ಹೈವೇದಾಗ ಬೇಕಿಲ್ಲದ ಹೊತ್ತಿನ್ಯಾಗೂ ಪೂರಾ ವೇಗ. ಡೀಸೆಲ್ ಸುಡತೈತಿ, ಪಂಪಿನ ಬೇರಿಂಗ್ ಸವೀತೈತಿ, ಪ್ಲಾಸ್ಟಿಕ್ ಬ್ಲೇಡ್ ಬುಡದಾಗ ಬಿರೀತೈತಿ. ಬೋಲ್ಟ್ ತೂಕ ಎರಡೂ ಕಡೆ ಸಮ ಇಲ್ಲಂದ್ರ ನಡುಗೋದೂ ಚಾಲೂ. ದಾರ್ಯಾಗ ಸಿಕ್ಕೊಂಡಾಗ ಊರು ಮುಟ್ಟಾಕ ಆದೀತು, ನಿಧಾನ ಹೋಗೋ ಷರತ್ತಿನ ಮ್ಯಾಲ. ಖಾಯಂ ಬ್ಯಾಡ.

ಎಣ್ಣಿ ವಿಚಾರ: ಸ್ಕ್ರೂ ಬಿಚ್ಚಾಕ ಬರೋ ಕೆಲವು ಕ್ಲಚ್ಚಿಗೆ ಸಿಲಿಕಾನ್ ಎಣ್ಣಿ ತುಂಬತಾರ, 3000ದಿಂದ 10000 ಸೆಂಟಿಸ್ಟೋಕ್ಸ್ ದಪ್ಪದ್ದು. ಇಂಜಿನ್ ಆಯಿಲ್ ಅದರ ಮುಂದ ನೀರಿದ್ದಂಗ, ಏನೂ ಹಿಡಿಯಂಗಿಲ್ಲ. ನಿಮ್ಮದು ಸೀಲಿನಾಗ ಸೋರ್ಯದ, ತುಂಬಿದ್ರೂ ಮತ್ತ ಸೋರತೈತಿ. ಬದಲಿ ಮಾಡ್ರಿ.

ಸಾಮಾನು ತರುವಾಗ ಹಳೇದು ಜೋಡಿ ಒಯ್ದು ಅಳತಿ ಹಚ್ಚಿ ನೋಡ್ರಿ: ಬೋಲ್ಟ್ ತೂತಿನ ಲೆಕ್ಕ, ಪುಲ್ಲಿಗೆ ಕೂಡೋ ಬಗಿ, ಎತ್ತರ. ತಿರುಗೋ ದಿಕ್ಕೂ ಕೇಳ್ರಿ. ಒಳಗಿನ ಎಣ್ಣಿ ವಾಪಸ್ ನೂಕೋ ರಚನೆ ಒಂದ ದಿಕ್ಕಿಗೆ ಮಾಡಿರತಾರ, ಉಲ್ಟಾ ದಿಕ್ಕಿಂದು ಹಾಕಿದ್ರ ಸರಿ ಕೆಲಸ ಮಾಡಂಗಿಲ್ಲ. ಹೊಸದನ್ನ ಮಲಗಿಸಿ ಇಡಬ್ಯಾಡ್ರಿ, ಗಾಡ್ಯಾಗ ಹ್ಯಾಂಗ ಕುಂದರತೈತೋ ಹಂಗ ನಿಲ್ಲಿಸಿ ತರ್ರಿ.

ಮುಂಜಾನೆ ಇಂಜಿನ್ ಪೂರಾ ತಣ್ಣಗಿದ್ದಾಗ ಬ್ಯಾಟರಿಯ ಮೈನಸ್ ತಗೀರಿ. ಫ್ಯಾನಿನ ಸುತ್ತಿನ ಪ್ಲಾಸ್ಟಿಕ್ ಕವರಿನ ಬೋಲ್ಟ್ ಬಿಚ್ಚಿ ಹಿಂದಕ ಸರಿಸ್ರಿ, 10ರ ಪಾನಾ ಬೇಕಾಗತೈತಿ. ಅದಾದ ಮ್ಯಾಲ ರೇಡಿಯೇಟರಿಗೂ ಫ್ಯಾನಿಗೂ ನಡುವ ದಪ್ಪ ರಟ್ಟು ಇಳಿಬಿಡ್ರಿ. ಪಾನಾ ಜಾರಿದ್ರ ರೇಡಿಯೇಟರ್ ತೂತಾಗೋದು ಇಲ್ಲೇ.

ಬೆಲ್ಟ್ ಮೊದಲ ಸಡಿಲ ಮಾಡಬ್ಯಾಡ್ರಿ, ಅದು ಬಿಗಿ ಇದ್ರನ ಪುಲ್ಲಿ ತಿರುಗದಂಗ ಹಿಡೀತೈತಿ. ಪುಲ್ಲಿಗೆ ನಾಲ್ಕು ನಟ್ ಇದ್ದ ಕ್ಲಚ್ ಆದ್ರ ನಾಲ್ಕನ್ನೂ ಒಂದೊಂದು ಸುತ್ತು ಸಡಿಲಿಸಿ ಆಮ್ಯಾಲ ತಗೀರಿ. ನಡುವ 32 ಇಲ್ಲಾ 36ರ ಒಂದ ದೊಡ್ಡ ನಟ್ ಇದ್ರ ದಿಕ್ಕು ಮರೀಬ್ಯಾಡ್ರಿ: ಇಂಜಿನ್ ಚಾಲೂ ಇದ್ದಾಗ ಫ್ಯಾನ್ ಯಾವ ಕಡೆ ತಿರಗತೈತೋ ನಟ್ಟನ್ನ ಅದೇ ಕಡೆ ತಿರುವಿದ್ರ ಬಿಚ್ಚತೈತಿ. ಫ್ಯಾನಿನ ಎಳೆತ ನಟ್ಟನ್ನ ತಾನ ಬಿಗಿ ಮಾಡ್ಲಿ ಅಂತ ಥ್ರೆಡ್ ಹಂಗ ಇಟ್ಟಿರತಾರ. ಭಾಳ ಗಾಡ್ಯಾಗ ಅದು ಉಲ್ಟಾ ಥ್ರೆಡ್ ಆಗತೈತಿ, ತಿಳೀದ ಜಗ್ಗಿದ್ರ ಪಂಪಿನ ಶಾಫ್ಟಿಗೆ ಪೆಟ್ಟು.

ಫ್ಯಾನ್, ಕ್ಲಚ್, ಕವರ್ ಒಮ್ಮೆಲೇ ಮ್ಯಾಲೆತ್ತಿದ್ರ ಸರಳ. ಕೆಳಗ ಇಟ್ಟು ಫ್ಯಾನ್ ಬಿಡಿಸಿ, ಬ್ಲೇಡಿನ ಬುಡ ಬೆಳಕಿಗೆ ಹಿಡಿದು ನೋಡ್ರಿ. ಕೂದಲೆಳಿಯಷ್ಟು ಬಿರುಕು ಇದ್ರೂ ಫ್ಯಾನ್ ಬದಲಿ. ಇದೇ ಹೊತ್ತಿಗೆ ಪಂಪಿನ ಶಾಫ್ಟ್ ಅಲುಗಾಡಿಸಿ, ಕೆಳಗಿನ ಸಣ್ಣ ತೂತಿನ್ಯಾಗ ಕೂಲಂಟಿನ ಕಲೆ ಐತೇನು ನೋಡ್ರಿ. ಪಂಪ್ ಹೋಗಿದ್ರ ಈಗಲೇ ಹಾಕ್ರಿ, ಎರಡನೇ ಸಲ ಬಿಚ್ಚೋದು ತಪ್ಪತೈತಿ.

ಕೂಡಿಸುವಾಗ ಫ್ಯಾನಿನ ಮುಖ ಉಲ್ಟಾ ಆಗದಂಗ ನೋಡ್ರಿ. ಬೋಲ್ಟ್ ಎದುರು ಬದುರು ಬಿಗೀರಿ: ಎಂ6 ಇದ್ರ 10 ನ್ಯೂಟನ್ ಮೀಟರ್ ಹತ್ರ, ಎಂ8 ಇದ್ರ 20–25. ನಿಮ್ಮ ಗಾಡಿಯ ಪುಸ್ತಕದಾಗ ಬ್ಯಾರೆ ಬರೆದಿದ್ರ ಅದನ್ನ ಹಿಡೀರಿ. ಕವರ್ ಹಾಕ್ದ ಓಡಸಬ್ಯಾಡ್ರಿ, ಅದಿಲ್ಲಂದ್ರ ಫ್ಯಾನ್ ತನ್ನ ಹಿಂದಿನ ಬಿಸಿ ಗಾಳಿನ ಮತ್ತ ಎಳಕೋತೈತಿ. ಚಾಲೂ ಮಾಡೋ ಮೊದಲ ಕೈಲೆ ಒಂದು ಪೂರಾ ಸುತ್ತು ತಿರುವ್ರಿ, ಬ್ಲೇಡ್ ಎಲ್ಲೂ ತಾಕಬಾರದು.

ಬಿಚ್ಚಿದಾಗ ರೇಡಿಯೇಟರ್ ಮತ್ತ ಕಂಡೆನ್ಸರ್ ನಡುವ ಟಾರ್ಚ್ ಬಿಟ್ಟು ನೋಡ್ರಿ. ಜೋಳದ ಹೊಟ್ಟು, ಕಬ್ಬಿನ ರವದಿ ಚೂರು ಅಲ್ಲಿ ಕಂಬಳಿಯಂಗ ಕುಂತಿರತೈತಿ. ಇಂಜಿನ್ ಕಡೆಯಿಂದ ಹೊರಗ ಸಣ್ಣ ಧಾರಿಲೆ ನೀರು ಬಿಡ್ರಿ. ವಾಷಿಂಗ್ ಸೆಂಟರಿನ ಜೋರಿನ ಪೈಪ್ ಹಿಡಿದ್ರ ಫಿನ್ (ರೇಡಿಯೇಟರಿನ ತೆಳು ಪಟ್ಟಿ) ಮಡಚಿ ಗಾಳಿ ದಾರಿನ ಮುಚ್ಚತೈತಿ.

ಪ್ರಶ್ನೆ ಕೇಳಿದವರು (ಇಂಡಿ)
ಹಾಕಿದ್ವಿ ರೀ. ನಾಲ್ಕು ನಟ್ಟಿಂದೇ ಇತ್ತು. ನಡುವ ಹೊಟ್ಟು ಒಂದು ಬೊಗಸಿ ಹೊರಗ ಬಂತು. ಇಪ್ಪತ್ತು ನಿಮಿಷ ಎ.ಸಿ. ಹಚ್ಚಿ ನಿಲ್ಲಿಸಿದ್ರ ಮುಳ್ಳು ಅರ್ಧ ದಾಟ್ಲಿಲ್ಲ. ಆದ್ರ ಈಗ ಮುಂಜಾನೆ ಚಾಲೂ ಮಾಡಿದ ಕೂಡ್ಲೆ ಗುಂಯ್ ಅಂತ ಜೋರು ಸಪ್ಪಳ ಬರ್ತದ, ಒಂದು ನಿಮಿಷಕ್ಕ ಕಡಿಮಿ ಆಗ್ತದ. ಹೊಸದೂ ಜಾಮ್ ಅದ ಏನ್ರಿ?

ಉತ್ತರ (ಬಾಗಲಕೋಟೆ)
ಇಲ್ಲ ರೀ, ಅದು ಸರಿ ಇರೋದರ ಗುರುತು. ರಾತ್ರಿ ನಿಂತಾಗ ಎಣ್ಣಿ ಕ್ಲಚ್ಚಿನ ಆ ತೋಡುಗಳೊಳಗ ಇಳಿದಿರತೈತಿ, ಅದಕ್ಕ ಚಾಲೂ ಮಾಡಿದಾಗ ಫ್ಯಾನ್ ಹಿಡಕೊಂಡ ತಿರಗತೈತಿ. ಒಂದೆರಡು ನಿಮಿಷದಾಗ ಎಣ್ಣಿ ವಾಪಸ್ ಹೋದ ಮ್ಯಾಲ ಬಿಡತೈತಿ. ಹಳೇ ಕ್ಲಚ್ಚಿನ್ಯಾಗ ಎಣ್ಣಿನ ಇರ್ಲಿಲ್ಲ, ಅದಕ್ಕ ಆ ಸಪ್ಪಳ ನಿಮಗ ಕೇಳಿರಂಗಿಲ್ಲ. ತಣ್ಣನ ಗಾಡ್ಯಾಗ ಐದು ನಿಮಿಷ ಆದ್ರೂ ಗುಂಯ್ಗುಡೋದು ನಿಲ್ಲಲಿಲ್ಲ ಅಂದ್ರ ಮಾತ್ರ ಬಂದ್ ಮಾಡಿ ಕೈಲೆ ತಿರುವಿ ನೋಡ್ರಿ. ಮತ್ತ ಒಂದು ವಾರ ಬಿಟ್ಟು ಆ ನಾಲ್ಕೂ ನಟ್ಟಿಗೆ ಇನ್ನೊಮ್ಮೆ ಪಾನಾ ಹಚ್ಚಿ ಬಿಗಿ ನೋಡ್ಕೊಳ್ರಿ.