ಸಹಾಯ ಬೇಕು: ಕಿಲ್ಪೆಕ್ ಚರ್ಚಿನ ಕಲ್ಲುಗಳಿಗೆ ಕನ್ನಡದಲ್ಲಿ ಏನಂತಾರೆ?

ನಮಸ್ಕಾರ. ಮುಂದಿನ ವಾರ ಅಪ್ಪ ಅಮ್ಮನನ್ನು ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿರುವ ಕಿಲ್ಪೆಕ್ ಹಳ್ಳಿಯ ಚರ್ಚಿಗೆ ಕರೆದುಕೊಂಡು ಹೋಗುತ್ತಿದ್ದೇನೆ. 1140ರ ಸುಮಾರಿನದು, ಕೆಂಪು ಮರಳುಗಲ್ಲು, ತುಂಬಾ ಚಿಕ್ಕದು.

ಸೂರಿನ ಕೆಳಗೆ ಸಾಲಾಗಿ 80ಕ್ಕೂ ಜಾಸ್ತಿ ಕೆತ್ತನೆಯ ಕಲ್ಲುಗಳು ಹೊರಚಾಚಿವೆ. ಒಂದರಲ್ಲಿ ನಾಯಿ, ಮೊಲ ಅಕ್ಕಪಕ್ಕ ಇಣುಕುತ್ತಿವೆ, ಥೇಟ್ ಮಕ್ಕಳ ಕಾರ್ಟೂನು! ಇಂಥ ಕಲ್ಲಿಗೆ ನಮ್ಮ ಶಿಲ್ಪಿಗಳು ಏನಂತಾರೆ? ಬೋದಿಗೆ ಅಂದರೆ ಕಂಬದ ಮೇಲಿನದು, ಅಲ್ವಾ?

ಒಳಗೆ ಆಲ್ಟರ್ (ಪೂಜೆಯ ವೇದಿಕೆ) ಇರುವ ಅರ್ಧವೃತ್ತದ ಭಾಗವನ್ನು ಗರ್ಭಗುಡಿ ಅನ್ನಲು ಮನಸ್ಸು ಒಪ್ಪುತ್ತಿಲ್ಲ. ದೀಕ್ಷಾಸ್ನಾನದ ದೊಡ್ಡ ಕಲ್ಲುಬಾನಿಗೆ ಮಂಗಳೂರು ಕಡೆಯ ಚರ್ಚುಗಳಲ್ಲಿ ಏನು ಹೆಸರು?

ಅಮ್ಮ ಸುಮ್ನೆ ಬಿಡೋರಲ್ಲ, ಪ್ರತಿಯೊಂದಕ್ಕೂ "ಇದೇನೋ?" ಅಂತ ಕೇಳುತ್ತಾರೆ. ಗೊತ್ತಿದ್ದವರು ಶನಿವಾರದೊಳಗೆ ತಿಳಿಸಿ, ಪ್ಲೀಸ್.