ಕೇಪಿನ ಕೋವಿಗೆ ನೀರೋ, ಸೀಮೆಎಣ್ಣೆಯೋ?

ಹೊಸಬ: ಬಾಯಿಯಿಂದ ಮದ್ದು ತುಂಬೋ, ಅಜ್ಜನ ಒಂಟಿನಳಿಗೆ ಕೇಪಿನ ಕೋವಿಯ ಪರವಾನಗಿ ನನ್ನ ಹೆಸರಿಗಾಗಿದೆ. ಕಿಡಿ ಕೊಡೋ ಕೇಪು ಸಿಡಿಯುತ್ತೆ, ಒಳಗೆ ತುಂಬಿದ ಈಡು ಹಾರಲ್ಲ. ಸೀಮೆಎಣ್ಣೆ ಬಿಟ್ಟು ತೊಳೆದರೆ ಸಾಕಾ?

ಮಲೆನಾಡಿಗ: ತೊಳೆಯೋದು ಆಮೇಲೆ. ಈಡು ಹಾರಿಲ್ಲ ಅಂದರೆ ಮದ್ದು, ಚರೆ (ಸಣ್ಣ ಸೀಸದ ಗುಂಡುಗಳು) ಒಳಗೇ ಇದೆ. ಮದ್ದು ತಡವಾಗಿಯೂ ಹೊತ್ತಿಕೊಳ್ಳಬಹುದು, ಹಾಗಾಗಿ ಕೇಪು ಸಿಡಿದ ಮೇಲೆ ಒಂದು ನಿಮಿಷವಾದರೂ ನಳಿಗೆ ಮಣ್ಣಿನ ದಿಬ್ಬದ ಕಡೆಗೇ ಇರಲಿ. ನಂತರ ಕೇಪು ಕೂರೋ ನಿಪ್ಪಲ್ ಬಿಚ್ಚಿ, ಆ ತೂತಿನಿಂದ ನೀರು ಬಿಟ್ಟು ಮದ್ದು ಪೂರ್ತಿ ನೆನೆಸಿ. ಗಜದ (ಈಡು ಜಡಿಯೋ ಕೋಲು) ತುದಿಗೆ ತಿರುಪು ಹಾಕಿ, ಈಡು ಬಿಗಿಯೋ ಕತ್ತ (ತೆಂಗಿನ ನಾರು) ಎಳೆದರೆ ಚರೆ ಸುರಿಯುತ್ತೆ. ನಳಿಗೆಯ ಬಾಯಿಗೆ ಮುಖವಾಗಲಿ ಅಂಗೈಯಾಗಲಿ ಅಡ್ಡ ಬರಬಾರದು. ಕೈ ಪಳಗಿಲ್ಲದಿದ್ದರೆ ಪರವಾನಗಿ ಇರೋ ಕೋವಿ ರಿಪೇರಿಯವರಿಗೇ ಕೊಡಿ.

ಹೊಸಬ: ಖಾಲಿಯಾಯ್ತು ಅಂತ ತಿಳಿಯೋದು ಹೇಗೆ?

ಮಲೆನಾಡಿಗ: ಗಜ ತಳದವರೆಗೆ ಇಳಿಸಿ, ನಳಿಗೆಯ ಬಾಯಿಯ ಮಟ್ಟದಲ್ಲಿ ಹಿಡಿದು ಹೊರತೆಗೆದು ನಳಿಗೆಯ ಪಕ್ಕಕ್ಕಿಟ್ಟು ನೋಡಿ. ತುದಿ ನಿಪ್ಪಲ್ ಹತ್ತಿರ ಬಂದರೆ ಖಾಲಿ. ಮೂರ್ನಾಲ್ಕು ಬೆರಳು ಮೇಲೇ ನಿಂತರೆ ಈಡಿದೆ.

ಕಾಫಿತೋಟ: ನೀರು ಬಿಡಬೇಡಿ ಮಾರಾಯ್ರೆ, ಮಳೆಗಾಲದಲ್ಲಿ ಒಂದೇ ರಾತ್ರಿಗೆ ತುಕ್ಕು. ಸೀಮೆಎಣ್ಣೆಯೇ ಸರಿ.

ನಳಿಗೆ: ಒಪ್ಪಲ್ಲ. ಈ ಕೋವಿಗೆ ಹಾಕೋ ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ತೂಕ ಘನವಾಗಿಯೇ ಉಳಿಯುತ್ತೆ. ದಟ್ಟ ಹೊಗೆ ಅದೇ, ನಳಿಗೆಗೆ ಅಂಟೋದೂ ಅದೇ. ಅದರಲ್ಲಿ ಬಹುಪಾಲು ಪೊಟ್ಯಾಸಿಯಂ ಲವಣಗಳು. ನೀರಲ್ಲಿ ಕರಗುತ್ತವೆ, ಸೀಮೆಎಣ್ಣೆಯಲ್ಲಿ ಇಲ್ಲ. ಗಾಳಿಯ ತೇವ ಹೀರಿ ಕಬ್ಬಿಣ ತಿನ್ನೋದೇ ಆ ಉಪ್ಪು. ಉಗುರುಬೆಚ್ಚನೆ ನೀರು, ಒಂದು ಹನಿ ಸೋಪು, ಬಟ್ಟೆ ಬೆಳ್ಳಗೆ ಬರೋವರೆಗೆ ಉಜ್ಜಿ, ಒಣಗಿಸಿ, ತಕ್ಷಣ ತೆಳ್ಳಗೆ ಎಣ್ಣೆ. ಈಡು ಹೊಡೆದ ದಿನವೇ ಆಗಬೇಕು.

ಕಾಫಿತೋಟ: ಹಾಗಾದರೆ ಕುದಿಯೋ ನೀರೇ ಹಾಕಿ, ಬೇಗ ಆರುತ್ತೆ.

ನಳಿಗೆ: ಬಿಸಿ ಕಬ್ಬಿಣ ಆರುತ್ತಲೇ ಕೆಂಪು ತುಕ್ಕು ಹಿಡಿಯುತ್ತೆ, ಅದಕ್ಕೇ ಬೇಡ ಅನ್ನೋದು. ಕೊಬ್ಬರಿ ಎಣ್ಣೆಯೂ ಬೇಡ: 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗಿ ನಿಪ್ಪಲ್ ಕಟ್ಟುತ್ತೆ.

ಮಲೆನಾಡಿಗ: ಹೊಸಬರ ಕೋವಿಗೂ ಅದೇ ಆಗಿರಬಹುದು. ತುಂಬೋ ಮೊದಲು ಎಣ್ಣೆ ಒರೆಸಿ, ಖಾಲಿ ನಳಿಗೆಗೆ ಎರಡು ಕೇಪು ಹೊಡೆಯಿರಿ. ಬಾಯಿಯೆದುರಿನ ಹುಲ್ಲು ಅಲ್ಲಾಡಿದರೆ ದಾರಿ ತೆರೆದಿದೆ. ತುಂಬುವಾಗ ಕತ್ತ ಮದ್ದಿಗೆ ಒತ್ತಿ ಕೂರಬೇಕು. ನಡುವೆ ಜಾಗ ಬಿಟ್ಟರೆ ನಳಿಗೆ ಉಬ್ಬೀತು, ಸೀಳೀತು. ತೋಟಾ ಬಿಚ್ಚಿದ ಹೊಗೆರಹಿತ ಪುಡಿಯನ್ನಂತೂ ಚಿಟಿಕೆಯಷ್ಟೂ ಹಾಕಬೇಡಿ, ಆ ಒತ್ತಡ ಈ ನಳಿಗೆ ತಡೆಯಲ್ಲ.