ಅಪ್‌ಡೇಟ್: ಕಿತ್ತಳೆ ಎಲೆ ಹಳದಿಯಾಗಿದ್ದಕ್ಕೆ ಕಾರಣ ಸಿಕ್ಕಿತು

ಕೊಡಗಿನ ನಮ್ಮ ಕಾಫಿ ತೋಟದ ಎರಡು ಕಿತ್ತಳೆ ಮರಗಳ ಎಲೆ ಹಳದಿಯಾಗುತ್ತಿದೆ, ಏನು ಮಾಡಲಿ ಅಂತ ಹೋದ ತಿಂಗಳು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ಮೊದಲು ಜಿಂಕ್ ಕೊರತೆ ಅಂದುಕೊಂಡು ಜಿಂಕ್ ಸಲ್ಫೇಟ್ ಸಿಂಪಡಿಸಿದೆ. ಏನೂ ಬದಲಾಗಲಿಲ್ಲ.

ನಿಜವಾಗಿ ದಾರಿ ತೋರಿಸಿದ್ದು ಪೆನ್ನಿನ ಸಲಹೆ. ಎಲೆಯ ನಡುನರದ ಎರಡೂ ಬದಿಗೆ, ಎದುರುಬದುರು ಜಾಗದಲ್ಲಿ ಪೆನ್ನಿನಿಂದ ಸೊನ್ನೆ ಬರೆದು ಹೋಲಿಸಿ ಅಂತ ಒಬ್ಬರು ಅಂದಿದ್ದರು. ಜಿಂಕ್ ಕೊರತೆಯಾದರೆ ಎರಡೂ ಕಡೆ ಬಣ್ಣ ಒಂದೇ ಥರ ಇರುತ್ತದೆ. ನಮ್ಮದರಲ್ಲಿ ಒಂದು ಸೊನ್ನೆಯೊಳಗೆ ಹಸಿರು, ಇನ್ನೊಂದರಲ್ಲಿ ಹಳದಿ. ಆಮೇಲೆ ಲೆನ್ಸ್ ಹಿಡಿದು ಚಿಗುರು ನೋಡಿದೆ. ಎಳ್ಳಿನಷ್ಟು ದೊಡ್ಡ ಕಂದು ಕೀಟಗಳು ತಲೆ ಕೆಳಗೆ, ಹಿಂಭಾಗ ಮೇಲೆ ಮಾಡಿ ಕೂತಿದ್ದವು. ಹಳದಿ ಮರಿಗಳ ಹಿಂದೆ ಬಿಳಿ ಮೇಣದ ಸುರುಳಿ ಎಳೆ. ಇದೇ ಸಿಲ್ಲಿಡ್, ಚಿಗುರಿನ ರಸ ಹೀರುವ ಕೀಟ. ಲ್ಯಾಬ್‌ನಲ್ಲಿ ಪಿಸಿಆರ್ (ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ಮಾಡಿಸಿದಾಗ ಗ್ರೀನಿಂಗ್ ರೋಗ, ಅಂದರೆ ಈ ಕೀಟ ಹರಡುವ ಬ್ಯಾಕ್ಟೀರಿಯಾ ರೋಗ, ಅಂತ ಖಚಿತವಾಯಿತು.

ಬೇವಿನ ಎಣ್ಣೆಯಿಂದ ಮರಿಗಳು ಕಡಿಮೆಯಾದವು, ಆದರೆ ರೋಗ ಹೋಗುವುದಿಲ್ಲ. ಇದಕ್ಕೆ ಔಷಧಿಯೇ ಇಲ್ಲ. ಮೊದಲು ಕೀಟನಾಶಕ ಹೊಡೆದು ಆಮೇಲೆ ಮರ ಕಡಿಯಿರಿ ಅಂದವರ ಮಾತು ಕೇಳಿದೆ. ಇಲ್ಲದಿದ್ದರೆ ಕೀಟ ಹಾರಿ ಪಕ್ಕದ ಮರಕ್ಕೆ ಹೋಗುತ್ತದೆ, ಅಲ್ವಾ. ಅಪ್ಪ ನೆಟ್ಟ ಮರಗಳು, ಕಡಿಸುವಾಗ ತುಂಬಾ ಸಂಕಟವಾಯಿತು.

ನಾನು ಊಹಿಸದ ವಿಷಯ ಒಂದಿದೆ. ಹಿತ್ತಲಿನ ಕರಿಬೇವಿನ ಚಿಗುರಿನ ತುಂಬಾ ಇದೇ ಮರಿಗಳು! ಕರಿಬೇವು ಕಿತ್ತಳೆಯ ಕುಟುಂಬದ್ದೇ ಗಿಡವಂತೆ. ಈಗ ಚಿಗುರು ಬಂದಾಗಲೆಲ್ಲ ಅದನ್ನೂ ನೋಡುತ್ತೇನೆ. ಹೊಸ ಸಸಿಗಳನ್ನು ಈ ಸಲ ರೋಗಮುಕ್ತ ಅಂತ ಪರೀಕ್ಷೆಯಾದ ಕಡೆಯಿಂದಲೇ ತರುತ್ತೇನೆ.